ಹೊಂಬಣ್ಣದ ಗಾಜಿನ ಒಳಗೆ

ದಿಬ್ಬೂರಹಳ್ಳಿಯ ಲಕ್ಷ್ಮೀನರಸಮ್ಮನನ್ನು ಊರೆಲ್ಲ ನರಸಮ್ಮ ಎಂದೇ ಕರೆಯುವುದು. ಅಷ್ಟುದ್ದದ ಹೆಸರು ಹಿಡಿದು ಕೂಗಿ ಮುಗಿಸುವಷ್ಟರಲ್ಲಿ ಅವಳು ರೇಷ್ಮೆ ಹುಳು ಮನೆಯಿಂದ ಹಿಪ್ಪುನೇರಳೆ ತೋಟಕ್ಕೆ ಹೋಗಿ ಮುಟ್ಟಿರುತ್ತಾಳೆ. ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು. ಅಂಥವಳು ಆ ದಿನ ಬೆಳಿಗ್ಗೆಯಿಂದ ತಾರಸಿಯ ಮೇಲೆ ಕೂತಿದ್ದಳು. ಕೆಳಗೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಬಕಾಸುರನ ಹಸಿವಿನಲ್ಲಿ ಸೊಪ್ಪಿಗೆ ಕಾಯುತ್ತಿದ್ದವು. ಗಂಡ ಆವಲಪ್ಪ ಒಬ್ಬನೇ ಸೊಪ್ಪು ಹಾಕುತ್ತ, ಮೇಲೆ ನೋಡಿ ಗೊಣಗುತ್ತಿದ್ದ.

ಕಾರಣ ಮಗಳು. ಹರಿಣಿ ವಾಯುಪಡೆಯಲ್ಲಿ ಯುದ್ಧ ವಿಮಾನ ಓಡಿಸುತ್ತಾಳೆ. ಓಡಿಸುತ್ತಾಳೆ ಎಂದು ಊರಿಗೆಲ್ಲ ಗೊತ್ತು, ಯಾವಾಗ, ಎಲ್ಲಿ ಎಂಬುದು ಹೆತ್ತವರಿಗೂ ಗೊತ್ತಿಲ್ಲ. ಫೋನಿನಲ್ಲಿ ಕೇಳಿದರೆ ‘ಕ್ಲಾಸ್ ಇತ್ತಮ್ಮ, ಪರೀಕ್ಷೆ ಇದೆ’ ಎನ್ನುವಳು. ಎರಡು ವರ್ಷದಿಂದ ಇದೇ ಪಾಠ, ಇದೇ ಪರೀಕ್ಷೆ. ನರಸಮ್ಮ ಅದನ್ನು ನಂಬಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಆದರೆ ಈ ಫೆಬ್ರವರಿಯಲ್ಲಿ ಬೆಂಗಳೂರಿನ ಕಡೆ ವಿಮಾನ ಪ್ರದರ್ಶನವಿತ್ತು. ಅದರ ಅಭ್ಯಾಸಕ್ಕೆ ಬಂದಿದ್ದ ಹರಿಣಿ ಹಿಂದಿನ ಸಂಜೆ ಫೋನ್ ಮಾಡಿ, ಯಾವತ್ತೂ ಹೇಳದ ಮಾತನ್ನು ಹೇಳಿದ್ದಳು.

“ಅಮ್ಮ, ನಾಳೆ ಹೊತ್ತೇರ್ದಾಗ ನಮ್ಮೂರ ಮೇಲೇ ಬರ್ತೀನಿ. ಎರಡು ವಿಮಾನ ಬರ್ತವೆ, ಹಿಂದಿನದು ನಂದು. ಯಾರಿಗೂ ಹೇಳ್ಬೇಡ ಕಣಮ್ಮ.”

ನರಸಮ್ಮ ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯ ಮುನಿಲಕ್ಷ್ಮಿಗೆ ಮಾತ್ರ ಹೇಳಿದಳು. ಮುನಿಲಕ್ಷ್ಮಿಗೆ ಹೇಳುವುದೂ ಒಂದೇ, ಪಂಚಾಯಿತಿ ಮೈಕಿನಲ್ಲಿ ಕೂಗುವುದೂ ಒಂದೇ. ಬೆಳಗಾಗುವಷ್ಟರಲ್ಲಿ ಬೀದಿಯ ತಾರಸಿಗಳೆಲ್ಲ ತುಂಬಿದ್ದವು. ಮೆಟ್ಟಿಲು ಹತ್ತಲಾಗದ ಮುದುಕರಿಗೆ ಕುರ್ಚಿ ಹಾಕಿ ಅಂಗಳದಲ್ಲಿ ಕೂರಿಸಿದ್ದರು.

ಹಾಗೆ ಬಂದು ಹೀಗೆ ಹೋಗುವ ವಿಮಾನಕ್ಕೆ ತಾನು ಇಲ್ಲಿದ್ದೇನೆಂದು ತಿಳಿಸುವುದು ಹೇಗೆ? ಕೈ ಬೀಸಿದರೆ ಕಾಣುವ ಎತ್ತರವಲ್ಲ. ಅದಕ್ಕೆ ನರಸಮ್ಮನ ಬಳಿ ಹಳೆಯ ಉಪಾಯವಿತ್ತು. ಅವರ ಮೇಲಿನ ತೋಟ ಗುಡ್ಡದ ಬುಡದಲ್ಲಿದೆ, ಕೂಗಿದರೆ ಕೇಳಿಸದು. ಅಲ್ಲಿ ಸೊಪ್ಪು ಕೊಯ್ಯುವವರನ್ನು ಊಟಕ್ಕೆ ಕರೆಯಬೇಕಾದರೆ ಈ ಮನೆಯವರು ತಾರಸಿಯ ಮೇಲೆ ನಿಂತು ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸುತ್ತಾರೆ. ಮಿಂಚು ಕಂಡವರು ಕುಡುಗೋಲು ಎತ್ತಿ ಮಿಂಚಿಸುತ್ತಾರೆ, ಬಂದೆವು ಎಂದರ್ಥ. ಮೊಬೈಲ್ ಬಂದಮೇಲೂ ಆ ಪದ್ಧತಿ ಹೋಗಲಿಲ್ಲ. ತಟ್ಟೆಗೆ ಕರೆನ್ಸಿ ಹಾಕಿಸಬೇಕಾಗಿಲ್ಲವಲ್ಲ ಎಂದು ಆವಲಪ್ಪ ಹೇಳುವುದುಂಟು. ಹರಿಣಿ ಶಾಲೆ ರಜದಲ್ಲೆಲ್ಲ ಅದೇ ಮಿಂಚು ಕಂಡು ಗುಡ್ಡದಿಂದ ಓಡಿ ಬಂದವಳು.

ಗುಡ್ಡಕ್ಕೆ ತಟ್ಟೆ ಸಾಕು, ಆಕಾಶಕ್ಕೆ ಸಾಲದು. ಹಾಗಾಗಿ ನರಸಮ್ಮ ನಡುಮನೆಯ ಗೋಡೆಯಿಂದ ಆಳೆತ್ತರದ ಕನ್ನಡಿಯನ್ನೇ ಕಳಚಿಸಿ ಮೇಲೆ ಹೊರಿಸಿದ್ದಳು.

ಕಣ್ಣಿಗೆ ಹೊಡೆದೀತು ಎಂದು ಅವಳು ಯೋಚಿಸಲಿಲ್ಲವೆಂದಲ್ಲ. ಯೋಚಿಸಿಯೇ ಧೈರ್ಯ ಮಾಡಿದ್ದಳು. ಹೋದ ಸಲ ರಜಕ್ಕೆ ಬಂದಾಗ ಹರಿಣಿ ತನ್ನ ವಿಮಾನದ ಫೋಟೋ ತೋರಿಸಿದ್ದಳು. ಕೂರುವ ಜಾಗದ ಮೇಲೆ ಗುಮ್ಮಟದಂಥ ಗಾಜು, ಆ ಗಾಜಿಗೆ ಜೇನುತುಪ್ಪ ಸವರಿದಂಥ ಹೊಂಬಣ್ಣ. ಆವಲಪ್ಪ ಅದನ್ನು ನೋಡಿ, ನಿಮ್ಮ ಸೋದರಮಾವ ಕಾರಿಗೆ ಕರಿ ಹಾಳೆ ಅಂಟಿಸಿದ್ದಕ್ಕೆ ಚಿಕ್ಕಬಳ್ಳಾಪುರದ ಸರ್ಕಲ್‌ನಲ್ಲಿ ಪೊಲೀಸರು ನಿಲ್ಲಿಸಿ ಕಿತ್ತು ಹಾಕಿದರು, ನಿಮ್ಮನ್ನು ಯಾರೂ ಹಿಡಿಯುವುದಿಲ್ಲವೇ ಎಂದು ಕೇಳಿದ್ದ. ಹರಿಣಿ ನಕ್ಕು, ಅದು ಬಿಸಿಲಿಗಪ್ಪ, ಮೇಲೆ ಬಿಸಿಲು ಜಾಸ್ತಿ, ಕೂಲಿಂಗ್ ಗ್ಲಾಸ್ ಇದ್ದಂಗೆ ಅಷ್ಟೆ ಎಂದಿದ್ದಳು. ಅಷ್ಟು ದೊಡ್ಡ ಕೂಲಿಂಗ್ ಗ್ಲಾಸಿನ ಒಳಗೆ ಕೂತವಳಿಗೆ ಒಂದು ಕನ್ನಡಿಯ ಬೆಳಕು ಏನು ಮಾಡೀತು ಎಂದು ತಾಯಿ ಲೆಕ್ಕ ಹಾಕಿದ್ದಳು.

ವಿಮಾನಗಳು ಬಂದವು. ಮೊದಲನೆಯದು ಚುಕ್ಕೆಯಾಗಿ ಕಂಡು, ನೋಡುನೋಡುತ್ತಿದ್ದಂತೆ ತಲೆಯ ಮೇಲಿತ್ತು. ಅದರ ಸದ್ದು ಅದು ಹೋದ ಮೇಲೆ ಬಂದು ಮನೆಯ ಪಾತ್ರೆಗಳನ್ನೆಲ್ಲ ಅದುರಿಸಿತು. ಹಿಂದೆಯೇ ಎರಡನೆಯದು. ನರಸಮ್ಮ ಮುನಿಲಕ್ಷ್ಮಿಯ ಜೊತೆ ಕನ್ನಡಿ ಎತ್ತಿ ವಾಲಿಸಿದಳು. ಬೆಳಕಿನ ತುಂಡೊಂದು ನೀರಿನ ಟ್ಯಾಂಕ್ ಮೇಲೆ ಹರಿದು, ತೆಂಗಿನ ಗರಿ ಸವರಿ, ಆಕಾಶಕ್ಕೆ ಹೋಯಿತು.

ಆ ಗಳಿಗೆಗೆ ಸರಿಯಾಗಿ ಎರಡನೆಯ ವಿಮಾನ ಒಂದು ಪಕ್ಕಕ್ಕೆ ವಾಲಿತು. ಮುಂದಿನದನ್ನು ಬಿಟ್ಟು, ರೆಕ್ಕೆ ಅಡ್ಡ ಮಾಡಿಕೊಂಡು, ಬಂದ ದಿಕ್ಕಿಗೇ ತಿರುಗಿ ಹೋಯಿತು.

ಊರು ಚಪ್ಪಾಳೆ ತಟ್ಟಿತು. ಹರಿಣಿ ಅಮ್ಮನಿಗೆ ನಮಸ್ಕಾರ ಮಾಡಿ ಹೋದಳು ಎಂದು ಯಾರೋ ಅಂದರು. ನರಸಮ್ಮನ ಕಣ್ಣಲ್ಲಿ ನೀರು ಬಂತು, ಅವಳೂ ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಮುಂದೆ ಹೋದ ವಿಮಾನ ಒಂದು ಸುತ್ತು ಹೊಡೆದು ವಾಪಸ್ ಬಂತು. ಒಂಟಿಯಾಗಿ ಬಂತು. ಜೊತೆಯದನ್ನು ಹುಡುಕುವಂತೆ ಊರ ಮೇಲೆ ಹಾದು, ಅದೂ ದಕ್ಷಿಣಕ್ಕೆ ಹೋಯಿತು.

“ಕಣ್ಣಿಗೇನಾರ ಹೊಡೀತೇನೋ ಅಕ್ಕ,” ಎಂದಳು ಮುನಿಲಕ್ಷ್ಮಿ. ಅವಳು ಅದನ್ನು ಮಜ್ಜಿಗೆಗೆ ಉಪ್ಪು ಸಾಲದೇನೋ ಎನ್ನುವ ಹಾಗೆ ಹೇಳಿ ಮೆಟ್ಟಿಲು ಇಳಿದು ಹೋದಳು. ಹೇಳಿದವಳು ಮರೆತಳು, ಕೇಳಿದವಳು ಮರೆಯಲಿಲ್ಲ.

ನರಸಮ್ಮ ಮಗಳಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಹಾರುವಾಗ ಫೋನ್ ಇಟ್ಟುಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತು, ಆದರೂ ಮತ್ತೆ ಮತ್ತೆ ಹಚ್ಚಿದಳು. ಆವಲಪ್ಪ ಸೊಪ್ಪಿನ ಬುಟ್ಟಿ ಇಳಿಸಿ ಬಂದು ಎಲ್ಲ ಕೇಳಿದ. ಅವನು ದಿನಾ ಪೇಪರ್ ಓದುವ ಮನುಷ್ಯ, ಅದೇ ಈಗ ಮುಳುವಾಯಿತು. ವಿಮಾನ ಇಳಿಯುವಾಗ ಲೇಸರ್ ಬಿಟ್ಟವನನ್ನು ಎಲ್ಲೋ ಅರೆಸ್ಟ್ ಮಾಡಿದ್ದರಂತೆ, ಪೈಲಟ್‌ಗೆ ಒಂದು ಗಳಿಗೆ ಕಣ್ಣು ಕತ್ತಲೆ ಬಂದರೂ ಮುಗಿಯಿತಂತೆ ಎಂದು ಓದಿದ್ದನ್ನು ಒಂದೂ ಬಿಡದೆ ಹೇಳಿದ. ಹೇಳಿ ಮುಗಿಸಿದ ಮೇಲೆ ಹೆಂಡತಿಯ ಮುಖ ನೋಡಿ, ಹೇಳಬಾರದಿತ್ತು ಎಂದುಕೊಂಡ.

“ಕನ್ನಡಿ ವಿಷಯ ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ,” ಎಂದ. “ಅವಳ ಕೆಲಸಕ್ಕೇ ಕಲ್ಲು ಬೀಳುತ್ತೆ.”

ಊರೇ ನೋಡಿದ ಗುಟ್ಟು ಅದು. ಆದರೂ ನರಸಮ್ಮ ತಲೆ ಆಡಿಸಿದಳು. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು, ಮುಖ ತೊಳೆದು, ಹುಳಕ್ಕೆ ಸೊಪ್ಪು ಹಾಕುವುದನ್ನು ಗಂಡನಿಗೇ ಬಿಟ್ಟು ಶಿಡ್ಲಘಟ್ಟದ ಬಸ್ಸು ಹತ್ತಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಜ್ವರ ಎದ್ದ ಹುಳುವನ್ನು ಬಿಟ್ಟು ಅವಳು ಊರು ದಾಟಿದ್ದು ಅದೇ ಮೊದಲು.

ಶಿಡ್ಲಘಟ್ಟದಲ್ಲಿ ಭಾನುಪ್ರಕಾಶ್ ಇದ್ದರು. ವಾಯುಪಡೆಯಲ್ಲಿ ವಿಮಾನ ರಿಪೇರಿಯ ವಿಭಾಗದಲ್ಲಿದ್ದು ನಿವೃತ್ತರಾದವರು; ಹರಿಣಿ ಪಡೆಗೆ ಸೇರುವ ಪರೀಕ್ಷೆಗೆ ಕೂರುವ ಮೊದಲು ಅವರ ಮನೆಗೆ ಹೋಗಿ ಪಾಠ ಹೇಳಿಸಿಕೊಂಡಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ನರಸಮ್ಮನ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಅವಳು ಸೆರಗು ಎಳೆದುಕೊಳ್ಳಲಿಲ್ಲ. ಬೆಳಕನ್ನೇ ನೋಡಿದರೆ ಕಣ್ಣಿಗೆ ಏನಾಗುತ್ತದೆ ಎಂದು ನೋಡಿಕೊಳ್ಳುತ್ತಿದ್ದಳು. ಸೂರ್ಯನಿಂದ ಕಣ್ಣು ತೆಗೆದರೂ ಹಸಿರು ಬೊಟ್ಟೊಂದು ಎಲ್ಲಿ ನೋಡಿದರೂ ಕುಣಿಯಿತು, ಕಂಡಕ್ಟರ್ ಮುಖವೇ ಕಾಣಲಿಲ್ಲ. ಬಸ್ಸಿನಲ್ಲಿ ಕೂತವಳಿಗೇ ಹೀಗಾದರೆ ಅಂಥ ವೇಗದಲ್ಲಿ ಹೋಗುವವಳ ಗತಿ ಏನು ಎಂದುಕೊಂಡಳು. ಗಂಗಮ್ಮನಿಗೆ ಹರಕೆ ಹೊತ್ತಳು.

ಭಾನುಪ್ರಕಾಶ್ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ನರಸಮ್ಮ ಯಾಕೆ ಬಂದೆ ಎಂದು ಹೇಳಲಿಲ್ಲ. ಸಂತೆಗೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದಳು. ಅಂದು ಸಂತೆಯ ದಿನವೇ ಅಲ್ಲ. ನೀರು ಕುಡಿದು, ಮಗಳ ಫೋಟೋದ ಮಾತು ತೆಗೆದು, ಆ ಗಾಜಿಗೆ ಯಾಕೆ ಬಣ್ಣ ಹಾಕಿರುತ್ತಾರೆ ಸಾರ್, ಬಿಸಿಲಿಗಲ್ಲವಾ ಎಂದು ಕೇಳಿದಳು. ಹೌದು ಎಂಬ ಒಂದು ಮಾತಿಗಾಗಿ ಅಷ್ಟು ದೂರ ಬಂದಿದ್ದಳು.

ಭಾನುಪ್ರಕಾಶರಿಗೆ ವಿಮಾನದ ಮಾತು ಸಿಕ್ಕಿದರೆ ಹಬ್ಬ. ಬಿಸಿಲಿಗೆ ಸ್ವಲ್ಪ, ಆದರೆ ಅದು ಮುಖ್ಯವಲ್ಲ ಎಂದು ಶುರು ಮಾಡಿದರು. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಕರಿ ಬೆಕ್ಕಿನ ಮೈ ಕಾಣುವುದಿಲ್ಲ, ಕಣ್ಣು ಮಾತ್ರ ಹೊಳೆಯುತ್ತದೆ. ವೈರಿಯ ರಾಡಾರ್ ಅಂಥ ಟಾರ್ಚು. ವಿಮಾನದ ಮೈಯನ್ನು ಅದಕ್ಕೆ ಸುಲಭವಾಗಿ ಸಿಗದ ಹಾಗೆ ಮಾಡಿರುತ್ತಾರೆ. ಗಾಜಿನೊಳಕ್ಕೆ ಮಾತ್ರ ರಾಡಾರಿನ ಅಲೆ ನುಗ್ಗುತ್ತದೆ, ಸೀಟು, ಹೆಲ್ಮೆಟ್ಟು, ಮೀಟರು ಎಲ್ಲಕ್ಕೂ ಬಡಿದು ವಾಪಸ್ ಹೋಗಿ, ಇಲ್ಲಿದ್ದಾರೆ ನೋಡಿ ಎಂದು ಚಾಡಿ ಹೇಳುತ್ತದೆ. ಅದಕ್ಕೆ ಗಾಜಿನ ಮೇಲೆ ಚಿನ್ನದಂಥ ಲೋಹವನ್ನು ಕೂದಲಿಗಿಂತಲೂ ತೆಳ್ಳಗೆ ಲೇಪಿಸುತ್ತಾರೆ. ಅಲೆ ಒಳಗೆ ಹೋಗದೆ ಮೇಲೇ ಬಡಿದು ಬೇರೆಲ್ಲೋ ಚದುರಿ ಹೋಗುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡ ಹಾಗೆ.

“ಹಂಗಾದ್ರೆ ಬೆಳಕು ಒಳಗೆ ಹೋಗುತ್ತಾ?” ಎಂದಳು ನರಸಮ್ಮ.

“ಹೋಗ್ಲೇಬೇಕಲ್ಲಮ್ಮ. ಹೋಗ್ದಿದ್ರೆ ಪೈಲಟ್‌ಗೆ ದಾರಿ ಕಾಣೋದೆಂಗೆ? ಬೆಳಕಿಗೆ ಹೆಲ್ಮೆಟ್ಟಲ್ಲೇ ಕಪ್ಪು ಗಾಜಿರುತ್ತೆ. ಸಾಮಾನ್ಯವಾಗಿ ಇಳಿಸ್ಕೊಂಡಿರ್ತಾರೆ.”

ಸಾಮಾನ್ಯವಾಗಿ. ನರಸಮ್ಮ ಆ ಒಂದು ಶಬ್ದವನ್ನು ಎತ್ತಿಕೊಂಡು ಹೊರಗೆ ಬಂದಳು. ಹರಿಣಿ ಸಾಮಾನ್ಯವಾಗಿ ಛತ್ರಿ ಮರೆಯುವವಳು, ಊಟ ಮರೆಯುವವಳು, ಹೆಲ್ಮೆಟ್ಟಿನ ಗಾಜು ಇಳಿಸುವುದನ್ನು ನೆನಪಿಟ್ಟುಕೊಂಡಿರುತ್ತಾಳೆಯೇ? ಗೊತ್ತಾಗಬೇಕಾದ್ದು ಗೊತ್ತಾಗಿ ಸಮಾಧಾನ ಇನ್ನೂ ಕೆಟ್ಟಿತು. ಜೊತೆಗೆ ಇನ್ನೊಂದು ಚುಚ್ಚುತ್ತಿತ್ತು: ಆ ಹೊಂಬಣ್ಣ ಬಿಸಿಲಿಗಲ್ಲ, ತನ್ನ ಮಗಳನ್ನು ಹುಡುಕಿ ಕೊಲ್ಲಲು ಬರುವವರ ಕಣ್ಣು ತಪ್ಪಿಸುವುದಕ್ಕೆ. ಕೂಲಿಂಗ್ ಗ್ಲಾಸ್ ಇದ್ದಂಗೆ ಎಂದು ನಗುತ್ತ ಹೇಳಿದ್ದಳಲ್ಲ, ಕಳ್ಳಿ.

ಬಸ್ ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ತುದಿಯಲ್ಲಿ ನಿಂತಾಗ ಫೋನ್ ಬಂತು. ಪರದೆಯ ಮೇಲೆ ಹರಿಣಿಯ ಹೆಸರು ನೋಡಿಯೂ ಎತ್ತಲು ಕೈ ಬರಲಿಲ್ಲ. ಬೇರೆ ಯಾರೋ ಮಾತಾಡಿದರೆ ಎಂಬ ಭಯ. ಎತ್ತಿದಾಗ ಕೇಳಿಸಿದ್ದು ಹರಿಣಿಯ ದನಿಯೇ, ಮೂಗು ಕಟ್ಟಿದ ದನಿ.

“ಸಾರಿ ಅಮ್ಮ, ಬೆಳಿಗ್ಗೆ ಕಾದ್ರಾ? ನಾನು ಬರ್ಲಿಲ್ಲ. ನೆಗಡಿ ಆಗಿತ್ತು, ಡಾಕ್ಟ್ರು ಬಿಡ್ಲಿಲ್ಲ. ನೆಗಡಿ ಇದ್ರೆ ಮೇಲೆ ಕಿವಿ ಒಡ್ದೋಗುತ್ತೆ. ಒಳಗೆ ಫೋನ್ ಬಿಡಲ್ಲ, ಈಗ ಕೈಗೆ ಸಿಕ್ತು.”

ನರಸಮ್ಮ ಧೊಪ್ಪನೆ ಬೆಂಚಿನ ಮೇಲೆ ಕೂತಳು. ನನ್ನ ತಾಯಿ ಗಂಗಮ್ಮ ಎಂದಳು, ನೆಗಡಿಗೆ ಕೈ ಮುಗಿದಳು. ಲೋಕದಲ್ಲಿ ನೆಗಡಿಗೆ ಕೈ ಮುಗಿದವಳು ಅವಳೊಬ್ಬಳೇ ಇರಬೇಕು. ಬಿಸಿನೀರು ಕುಡಿ, ತಲೆಗೆ ಸ್ನಾನ ಮಾಡಬೇಡ, ಮೆಣಸಿನ ಸಾರು ಸಿಗುತ್ತದಾ ಎಂದು ಒಂದೇ ಉಸಿರಿಗೆ ಬಡಬಡಿಸಿದಳು. ಅದರ ನಡುವೆ ಬೆಳಗಿನ ವಿಮಾನ ನೆನಪಾಯಿತು.

ಎರಡನೆಯ ವಿಮಾನ ಬಂದದ್ದಂತೂ ನಿಜ, ತಿರುಗಿ ಹೋದದ್ದೂ ನಿಜ. ಹೊಂಬಣ್ಣದ ಗಾಜಿನ ಒಳಗೆ ಯಾರೋ ಇದ್ದರು.

“ಹಿಂದಿನದ್ರಲ್ಲಿ ಯಾರಿದ್ರು?” ಎಂದು ಕೇಳಿದಳು.

ಮೋಹನ್‌ಬಾಬು ಎಂದಳು ಹರಿಣಿ. ಕಡಪದ ಕಡೆಯವನು, ತನಗಿಂತ ಒಂದು ವರ್ಷ ಚಿಕ್ಕವನು. ಅರ್ಧದಲ್ಲೇ ವಾಪಸ್ ಬಂದು ಇಳಿದನಂತೆ, ಈಗ ಡಾಕ್ಟರ ಹತ್ತಿರ ಇದ್ದಾನೆ, ಯಾಕೆಂದು ಇನ್ನೂ ಗೊತ್ತಿಲ್ಲ. ನಿನಗ್ಯಾಕಮ್ಮ ಅದು, ನೋಡಿದೆಯಾ ಎಂದು ಕೇಳಿದಳು.

ಈಗ ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಾಯಿ ಬಿಡಬೇಡ ಎಂದು ಗಂಡ ಹೇಳಿದ್ದು ಕಿವಿಯಲ್ಲೇ ಇತ್ತು. ತನ್ನ ಮಗಳು ನೆಲದ ಮೇಲೆ ಕ್ಷೇಮವಾಗಿ ಸೀನುತ್ತಿದ್ದಾಳೆ, ಇನ್ನು ತನಗೇನು? ಆದರೆ ಬೆಳಿಗ್ಗೆಯಿಂದ ಅವಳು ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗಿದ ಭಯ ಹರಿಣಿ ಸಿಕ್ಕಿದಳೆಂದು ಇಳಿಯಲೇ ಇಲ್ಲ. ಅದು ಯಾರದೋ ಮನೆಯ ಹುಡುಗನ ಮೇಲೆ ಹೋಗಿ ಕೂತಿತು. ಕಡಪದಲ್ಲಿ ಒಬ್ಬ ತಾಯಿ ಈ ಹೊತ್ತಿಗೆ ಏನೂ ತಿಳಿಯದೆ ಬಟ್ಟೆ ಒಣಹಾಕುತ್ತಿರಬಹುದು.

ನರಸಮ್ಮ ಕನ್ನಡಿಯ ಕಥೆಯನ್ನು ಪೂರ್ತಿ ಹೇಳಿದಳು.

“ಅಮ್ಮ, ಇದನ್ನ ನಾನು ಮೇಲಿನೋರಿಗೆ ಹೇಳ್ಬೇಕಾಗುತ್ತೆ.”

“ಹೇಳಮ್ಮ. ಮೊದಲು ಆ ಹುಡುಗ ಹೆಂಗಿದಾನೆ ಕೇಳು.”

ದಿಬ್ಬೂರಹಳ್ಳಿಯ ಬಸ್ಸು ಬಂತು. ದಾರಿಯಲ್ಲಿ ಗುಡ್ಡದ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ ಎಂದು ಅವಳು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಆವಲಪ್ಪ ಫೋನ್ ಮಾಡಿದರೆ, ಲೈನ್ ಬಿಡಿ ಎಂದು ಕತ್ತರಿಸಿದಳು. ಹೂ ಮಾರುವವಳು ಎರಡು ಸಲ ಬಂದು ಕೇಳಿ ಹೋದಳು, ಮೂರನೇ ಸಲ ಬಂದು, ಹುಷಾರಿಲ್ವಾ ಅಮ್ಮ ಎಂದು ನೀರಿನ ಬಾಟಲಿ ಚಾಚಿದಳು. ಆ ಹುಡುಗನ ಮುಖ ಹೇಗಿರಬಹುದೆಂದು ನರಸಮ್ಮ ಊಹಿಸಲು ನೋಡಿದಳು. ಮುಖ ಬರಲಿಲ್ಲ, ಕಟ್ಟು ಕಟ್ಟಿದ ಕಣ್ಣು ಮಾತ್ರ ಬರುತ್ತಿತ್ತು. ಗಂಗಮ್ಮನಿಗೆ ಹೊತ್ತ ಹರಕೆಯನ್ನು ಆ ಹುಡುಗನ ಹೆಸರಿಗೆ ಬದಲಾಯಿಸಿದಳು. ದೇವರು ಹಾಗೆ ಬದಲಾಯಿಸಲು ಬಿಡುತ್ತಾಳೋ ಇಲ್ಲವೋ ಎಂದು ಅದೊಂದು ಹೊಸ ದಿಗಿಲು.

ಬಿಸಿಲು ಇಳಿಮುಖವಾದಾಗ ಫೋನ್ ಬಂತು. ಹರಿಣಿ, ಮಾತಾಡಮ್ಮ ಎಂದು ಬೇರೆಯವರ ಕೈಗೆ ಕೊಟ್ಟಳು.

“ನಾಕೇಮೀ ಕಾಲೇದಮ್ಮಾ,” ಎಂದಿತು ಒಂದು ಗಂಡು ದನಿ. ನನಗೇನೂ ಆಗಿಲ್ಲ ಎಂದ ಆ ತೆಲುಗು ಕಿವಿಗೆ ಬಿದ್ದದ್ದೇ ನರಸಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ತವರಿನ ಮಾತು ಅದು. ಎಂಜಿನ್ನಿನ ಎಚ್ಚರಿಕೆ ದೀಪವೊಂದು ಹತ್ತಿಕೊಂಡಿತಂತೆ, ಹತ್ತಿಕೊಂಡರೆ ವಾಪಸ್ ಬರುವುದು ನಿಯಮವಂತೆ. ಡಾಕ್ಟರು ನೋಡುವುದೂ ನಿಯಮವೇ. ಮಿಂಚಿದ್ದು ಕಂಡಿತ್ತು, ಕಪ್ಪು ಗಾಜು ಇಳಿಸಿಕೊಂಡಿದ್ದೆ, ಯಾರದೋ ಕೃಷಿ ಹೊಂಡ ಎಂದುಕೊಂಡೆ ಎಂದು ನಕ್ಕ. ಇನ್ನೊಮ್ಮೆ ಹಾಗೆ ಮಾಡಬೇಡಿ ಎಂದು ನಗು ನಿಲ್ಲಿಸಿ ಹೇಳಿದ. ಪೊಲೀಸರು ಊರಿಗೆ ಬಂದು ಬುದ್ಧಿ ಹೇಳಿ ಹೋಗುತ್ತಾರಂತೆ. ನರಸಮ್ಮ ಎಲ್ಲದಕ್ಕೂ ಹೂಂ ಎಂದಳು. ಆಮೇಲೆ ತೆಲುಗಿನಲ್ಲೇ, ನಿಮ್ಮಮ್ಮನಿಗೆ ಹೇಳಿದೆಯಾ ಅಪ್ಪ ಎಂದು ಕೇಳಿದಳು.

ಇಲ್ಲ ಎಂದ. ತಾನು ಹಾರುತ್ತೇನೆಂದೇ ಅವರಿಗೆ ಸರಿಯಾಗಿ ಗೊತ್ತಿಲ್ಲ, ಹೆಚ್ಚಾಗಿ ಆಫೀಸಿನ ಕೆಲಸ ಎಂದು ಹೇಳಿಟ್ಟಿದ್ದೇನೆ, ಗೊತ್ತಾದರೆ ನಿದ್ದೆ ಮಾಡುವುದಿಲ್ಲ ಎಂದ. ತಪ್ಪು ಕಣಪ್ಪ, ಹೇಳು ಎಂದು ನರಸಮ್ಮ ಗದರಿದಳು. ಅವನು ಸರಿ ಅಮ್ಮಾ ಎಂದು, ಹೇಳದವನ ದನಿಯಲ್ಲೇ ಒಪ್ಪಿಕೊಂಡು ಫೋನನ್ನು ಹರಿಣಿಗೆ ಕೊಟ್ಟ.

“ಈಗ ಸಮಾಧಾನನಾ ಅಮ್ಮ?” ಎಂದಳು ಹರಿಣಿ.

“ನೀನೂ ಹಿಂಗೆ ಅರ್ಧ ದಾರೀಲಿ ವಾಪಸ್ ಬಂದಿದೀಯಾ? ಕ್ಲಾಸ್ ಇತ್ತು ಅಂತಿದ್ದ ದಿನಗಳಲ್ಲಿ?”

ಆ ಕಡೆಯಿಂದ ಉತ್ತರ ಬರಲಿಲ್ಲ. ಸುಳ್ಳು ಹೇಳುವಾಗ ಈ ಹುಡುಗಿ ಯಾವಾಗಲೂ ಥಟ್ಟನೆ ಹೇಳುತ್ತಾಳೆ, ನಿಜ ಹೇಳಬೇಕಾದಾಗಲೇ ಹೀಗೆ ತಡವರಿಸುವುದು. ಹೆತ್ತವಳಿಗೆ ಅಷ್ಟು ಸಾಕಾಯಿತು.

“ಇನ್ಮೇಲೆ ಹೇಳ್ಲಾ ಅಮ್ಮ?” ಎಂದಳು ಹರಿಣಿ ಮೆಲ್ಲಗೆ. “ಬೇಡ ಅಂದ್ರೆ ಬೇಡ.”

ಹೇಳು ಎಂದು ಕಡಪದ ಹುಡುಗನನ್ನು ಗದರಿದವಳು ಈಗ ಲೆಕ್ಕ ಹಾಕತೊಡಗಿದಳು. ಹೇಳು ಎಂದರೆ ಇವತ್ತಿನಂಥ ದಿನಗಳು ಸಾಲುಗಟ್ಟಿ ಬರುತ್ತವೆ, ಬೇಡ ಎಂದರೆ ಮಗಳು ಗಾಳಿಯಲ್ಲಿರುವಾಗ ತಾನು ಯಾವುದೋ ಮದುವೆಯಲ್ಲಿ ಹೋಳಿಗೆ ತಿನ್ನುತ್ತಿರುತ್ತೇನೆ. ಎರಡನ್ನೂ ತಪ್ಪಿಸುವ ದಾರಿಯೊಂದನ್ನು ಅವಳು ಕಂಡುಕೊಂಡಳು.

“ಹೋಗೋ ಮುಂಚೆ ಹೇಳ್ಬೇಡ, ನನ್ನ ಕೈಲಿ ಆಗಲ್ಲ,” ಎಂದಳು. “ಇಳಿದ ಮೇಲೆ ಹೇಳು. ಇಳಿದೆ ಅಂತ ಒಂದು ಫೋನು.”

ಹರಿಣಿ ಆಯ್ತಮ್ಮ, ಪ್ರತಿ ಸಲ ಮಾಡುತ್ತೇನೆ ಎಂದು ಮಾತು ಕೊಟ್ಟಳು. ಅವಳ ದನಿ ಹಗುರವಾಗಿತ್ತು. ನರಸಮ್ಮನಿಗೂ ಎದೆ ಹಗುರವಾಗಿ, ದಿಬ್ಬೂರಹಳ್ಳಿಯ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡಳು. ಬಸ್ಸು ಊರು ಬಿಟ್ಟು ತೋಟಗಳ ನಡುವೆ ಬಂದಾಗ, ಮನೆಗೆ ಹೋಗಿ ಆವಲಪ್ಪನಿಗೆ ಈ ಏರ್ಪಾಟನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು: ಹಾರಿದ ದಿನ ಇಳಿದ ಮೇಲೆ ಫೋನ್ ಮಾಡುತ್ತಾಳೆ, ಹಾರದ ದಿನ ಮಾಡುವುದಿಲ್ಲ.

ಯೋಚನೆ ಅಲ್ಲಿಗೆ ಬಂದು ನಿಂತಿತು. ನಾಳೆ ಫೋನ್ ಬರದೆ ಹೊತ್ತು ಮುಳುಗಿದರೆ, ಮಗಳು ಇವತ್ತು ಹಾರಲಿಲ್ಲ ಎಂದುಕೊಳ್ಳಬೇಕೋ, ಇಳಿಯಲಿಲ್ಲ ಎಂದುಕೊಳ್ಳಬೇಕೋ? ಅವಳು ಫೋನ್ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಬಸ್ಸು ಗುಡ್ಡದ ತಿರುವಿಗೆ ಬಂದು ಸಿಗ್ನಲ್ ಹೋಗಿತ್ತು.